ಹಲ್ಲು ಕಟ್ಟುವ ಮೊದಲು ಬಾಯಿ ನೋಡಿ

ಇಂದು ಪದವಿ ಪಡೆದ ಎಳೆಯ ವೈದ್ಯರೇ,

ಹೊಗಳಿಕೆಯ ಮಾತುಗಳನ್ನು ನನ್ನ ನಂತರದವರು ನನಗಿಂತ ಚೆನ್ನಾಗಿ ಆಡುತ್ತಾರೆ. ನಾನು ಹೆಜಮಾಡಿಯಲ್ಲಿ ಹೆದ್ದಾರಿಯ ಪಕ್ಕ ಕ್ಲಿನಿಕ್ ಇಟ್ಟುಕೊಂಡು ಬಹುಕಾಲದಿಂದ ಹಲ್ಲಿನ ಸೆಟ್ ಮಾಡಿಕೊಡುತ್ತಾ ಬಂದವನು. ಹೇಳಲು ನನ್ನಲ್ಲಿರುವುದು ಒಂದೇ ಮಾತು, ಸಿಕ್ಕ ಸಮಯವನ್ನೆಲ್ಲ ಅದಕ್ಕೇ ಬಳಸುತ್ತೇನೆ.

ನಮ್ಮ ಕಡೆ ವಯಸ್ಸಾದವರು ಬಂದು ಕುರ್ಚಿಯಲ್ಲಿ ಕೂತರೆ ಮೊದಲ ಮಾತು ಇದು: ‘ಡಾಕ್ಟ್ರೇ, ಸೆಟ್ ಲೂಸ್ ಆಗಿದೆ, ಸ್ವಲ್ಪ ಟೈಟ್ ಮಾಡಿ ಕೊಡಿ.’ ಇಲ್ಲವೇ, ‘ಒಂದು ಕಡೆ ತಾಗ್ತದೆ, ಉಜ್ಜಿ ಕೊಡಿ.’ ಸೆಟ್ಟನ್ನು ಕಾಗದದಲ್ಲಿ ಸುತ್ತಿ ಮೊಮ್ಮಗನ ಕೈಯಲ್ಲಿ ಕೊಟ್ಟು ಕಳಿಸುವವರೂ ಇದ್ದಾರೆ. ಅಂಥ ಸೆಟ್ಟನ್ನು ನಾನು ಮುಟ್ಟುವುದಿಲ್ಲ, ವಾಪಸ್ ಕಳಿಸುತ್ತೇನೆ. ಬಾಯಿ ಬರಲಿ, ಆಮೇಲೆ ನೋಡೋಣ.

ಮೀನು ಮಾರುವ ಒಬ್ಬ ಅಕ್ಕ ಬಂದಿದ್ದರು. ಕೆಳಗಿನ ಸೆಟ್ಟಿನ ಅಂಚು ತಾಗಿ ಹುಣ್ಣಾಗಿದೆ ಎಂದರು. ಬೇರೆಲ್ಲೋ ಆ ಅಂಚನ್ನು ಮತ್ತೆ ಮತ್ತೆ ಉಜ್ಜಿಸಿಕೊಂಡಿದ್ದರು, ಅಲ್ಲಿ ಇನ್ನು ಉಜ್ಜಲು ಏನೂ ಉಳಿದಿರಲಿಲ್ಲ. ಸೆಟ್ ತೆಗೆಸಿ, ಬೆರಳಿಟ್ಟು ನೋಡಿದೆ. ಅಂಚು ತಾಗಿ ಆದ ಹುಣ್ಣು ಮೆತ್ತಗಿರುತ್ತದೆ, ಮುಟ್ಟಿದರೆ ಉರಿಯುತ್ತದೆ. ಇದರ ದಡ ಗಟ್ಟಿಯಾಗಿತ್ತು, ಎದ್ದು ನಿಂತಿತ್ತು, ನೋವೂ ಅಷ್ಟಿರಲಿಲ್ಲ. ಎಲೆ-ಅಡಿಕೆ ಹೊಗೆಸೊಪ್ಪು ಯಾವ ಕೆನ್ನೆಗೆ ಇಡುತ್ತೀರಿ ಎಂದು ಕೇಳಿದರೆ ಅದೇ ಬದಿಯನ್ನು ತೋರಿಸಿದರು. ಬಯಾಪ್ಸಿಗೆ ಕಳಿಸಿದೆ. ಸಣ್ಣದಿರುವಾಗಲೇ ಆಪರೇಷನ್ ಆಯಿತು. ಈಗಲೂ ಬುಟ್ಟಿ ಹೊತ್ತು ಬರುತ್ತಾರೆ.

ಅವರಿಗೆ ಬೇಕಾಗಿದ್ದದ್ದು ಉಜ್ಜುವ ಯಂತ್ರವಲ್ಲ, ಸೆಟ್ ತೆಗೆಸಿ ಬಾಯಿ ನೋಡುವ ಒಬ್ಬ ಡಾಕ್ಟರು. ಕಾರಣ ತೆಗೆದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣನ್ನು ಹುಣ್ಣು ಎಂದು ಕರೆಯುತ್ತಾ ಕೂರಬೇಡಿ. ಇದು ನಿಮ್ಮ ಪುಸ್ತಕದಲ್ಲೂ ಇದೆ, ಪರೀಕ್ಷೆಯಲ್ಲಿ ನೀವೆಲ್ಲ ಸರಿಯಾಗಿಯೇ ಬರೆದಿರುತ್ತೀರಿ. ಸಂಜೆ ಆರು ಗಂಟೆಗೆ, ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿರುವಾಗ, ಅದು ನೆನಪಾಗುತ್ತದೆಯೇ ಎಂಬುದು ನನ್ನ ಚಿಂತೆ.

ಮೊದಲು ಬಾಯಿ ನೋಡುವ ಈ ಅಭ್ಯಾಸ ನನಗೆ ಬಂದದ್ದು ನಮ್ಮ ಮೇಷ್ಟ್ರಿಂದ. ಮಣಿಪಾಲದ ಗುಡ್ಡದ ಮೇಲೆ ದಂತ ವೈದ್ಯಕೀಯ ಕಾಲೇಜು 1965ರಲ್ಲಿ ಶುರುವಾದ ಮೇಲೆ ನಮ್ಮ ಜಿಲ್ಲೆಯಲ್ಲಿ ಬೆಳೆದ ಹಳೆಯ ತಲೆಮಾರಿನ ಶಿಕ್ಷಕರಲ್ಲಿ ಅವರೊಬ್ಬರು. ಹೆಸರು ಹೇಳಿದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ, ಹೇಳುವುದಿಲ್ಲ. ಅಳತೆ ತೆಗೆಯಲು ಟ್ರೇ ಎತ್ತಿಕೊಂಡ ವಿದ್ಯಾರ್ಥಿಯ ಕೈಯಿಂದ ಅದನ್ನು ಕಸಿದಿಟ್ಟು ಒಂದು ಬಿಳಿ ಹಾಳೆ ಕೊಡುತ್ತಿದ್ದರು. ರೋಗಿಯ ಬಾಯಿಯ ಚಿತ್ರ ಬರೆಯಬೇಕು. ಎಲ್ಲಿ ಕೆಂಪು, ಎಲ್ಲಿ ಬಿಳಿ, ದವಡೆಯ ಏಣು ಎಲ್ಲಿ ಸವೆದಿದೆ, ಎಲ್ಲಿ ಚೂಪಾಗಿದೆ. ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಎರಡೂ ಬದಿಗೆ ಎಳೆದು ಅಂಚು ನೋಡಬೇಕು, ನಾಲಿಗೆಯಡಿಯನ್ನು ಬೆರಳಿಂದ ಒತ್ತಿ ನೋಡಬೇಕು. ಇಷ್ಟೆಲ್ಲ ಆದ ಮೇಲೆ ಟ್ರೇ.

ಟ್ರೇ ಸಿಕ್ಕಿದ ಮೇಲೂ ಅವರು ಬಿಡುತ್ತಿರಲಿಲ್ಲ. ಗ್ರೀನ್ ಸ್ಟಿಕ್ ಎಂಬ ಅಚ್ಚಿನ ಕಡ್ಡಿಯನ್ನು ಜ್ವಾಲೆಯಲ್ಲಿ ಮೆತ್ತಗೆ ಮಾಡಿ, ಬೆಚ್ಚನೆ ನೀರಲ್ಲಿ ಅದ್ದಿ, ಟ್ರೇಯ ಅಂಚಿಗೆ ಅಂಟಿಸಿ ಬಾಯಿಗಿಟ್ಟು, ತುಟಿ ಮುಂದೆ ಚಾಚಿ, ಕೆನ್ನೆ ಎಳೆದುಕೊಳ್ಳಿ, ನಾಲಿಗೆ ಹೊರಗೆ ಹಾಕಿ ಎಂದು ಒಂದೊಂದೇ ಚಲನೆ ಮಾಡಿಸಬೇಕು. ಸ್ನಾಯು ಎಲ್ಲಿಯವರೆಗೆ ಬರುತ್ತದೋ ಸೆಟ್ಟಿನ ಗಡಿ ಅಲ್ಲಿಗೆ ನಿಲ್ಲಬೇಕು. ಗಡಿ ಉದ್ದವಾದರೆ ಹುಣ್ಣು, ಮೋಟಾದರೆ ಸೆಟ್ ನಿಲ್ಲುವುದಿಲ್ಲ. ಹಲ್ಲಿನ ಎತ್ತರ ಗೊತ್ತು ಮಾಡಲು ಪುಸ್ತಕದಲ್ಲಿ ಇಂಗ್ಲಿಷ್ ಪದಗಳಿದ್ದವು. ಮೇಷ್ಟ್ರು ‘ಅಮ್ಮ’ ಅನ್ನಿಸುತ್ತಿದ್ದರು. ಹೇಳಿ ಮುಗಿಸಿ ತುಟಿಗಳು ಹಗುರಾಗಿ ಸೇರಿದಾಗ ದವಡೆ ವಿಶ್ರಾಂತಿಯಲ್ಲಿರುತ್ತದೆ, ಆಗ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಎರಡರಿಂದ ನಾಲ್ಕು ಮಿಲಿಮೀಟರ್ ಜಾಗ ಉಳಿದಿರಬೇಕು. ಮುಂದಿನ ಹಲ್ಲಿಗೆ ‘ಫ’, ‘ವ’. ಆಮೇಲೆ ‘ಸಾಸಿವೆ’ ಅನ್ನಿಸಿ, ಹಲ್ಲಿಗೆ ಹಲ್ಲು ಬಡಿಯುತ್ತದೆಯೇ ಎಂದು ಕಿವಿಗೊಟ್ಟು ಕೇಳುವುದು. ಒಬ್ಬ ತಾಳಮದ್ದಳೆಯ ಅರ್ಥಧಾರಿಗಾಗಿ ಮೇಣದಲ್ಲಿ ಜೋಡಿಸಿದ್ದ ಹಲ್ಲನ್ನು ಅವರ ಮಾತು ಸರಿಯಾಗುವವರೆಗೂ ಕಿತ್ತು ಕಿತ್ತು ಜೋಡಿಸಿದರು. ಮೇಣದಲ್ಲಿರುವಾಗ ತಿದ್ದಬಹುದು, ಅಕ್ರಿಲಿಕ್ ಆದ ಮೇಲೆ ಉಜ್ಜುವುದಷ್ಟೇ ಎನ್ನುತ್ತಿದ್ದರು.

ಲ್ಯಾಬಿನಲ್ಲೂ ಅಷ್ಟೇ ಕಟ್ಟುನಿಟ್ಟು. 1937ರ ಸುಮಾರಿಗೆ ಅಕ್ರಿಲಿಕ್ ಬರುವ ಮೊದಲು ಸೆಟ್ಟುಗಳನ್ನು ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಮಾಡುತ್ತಿದ್ದರು ಎಂಬುದನ್ನು ನೀವು ಓದಿರುತ್ತೀರಿ. ಅಕ್ರಿಲಿಕ್ ಸುಲಭ, ಆದರೆ ಅದಕ್ಕೂ ತಾಳ್ಮೆ ಬೇಕು. ಸೆಟ್ಟಿನ ಅಚ್ಚಿರುವ ಫ್ಲಾಸ್ಕನ್ನು 74 ಡಿಗ್ರಿ ನೀರಿನಲ್ಲಿ ಎರಡು ಗಂಟೆ ಇಟ್ಟು ಆಮೇಲೆ ಒಂದು ಗಂಟೆ ಕುದಿಸಬೇಕು. ಮದುವೆ ನಾಳೆ ಇದೆ ಎಂದು ನೇರವಾಗಿ ಕುದಿವ ನೀರಿಗೆ ಹಾಕಿದರೆ ಅಕ್ರಿಲಿಕ್‌ನ ದ್ರವವಾದ ಮಾನೋಮರ್ ಒಳಗೇ ಕುದಿದು ದಪ್ಪ ಭಾಗದಲ್ಲಿ ತೂತುಗಳಾಗುತ್ತವೆ. ಆ ತೂತುಗಳಲ್ಲಿ ಕೊಳೆ ಕೂರುತ್ತದೆ, ಶಿಲೀಂಧ್ರ ಬೆಳೆಯುತ್ತದೆ. ಅಂಗುಳ ಕೆಂಪಾಗಿದೆ ಎಂದು ಆಮೇಲೆ ನೀವೇ ಮದ್ದು ಬರೆದುಕೊಡುತ್ತೀರಿ. ಲ್ಯಾಬಿನ ಮೇಜಿನಲ್ಲಿ ಮಾಡಿದ ಅವಸರವೇ ಬಾಯೊಳಗೆ ರೋಗವಾಗಿ ಬರುವುದು ಹೀಗೆ. ಹಲ್ಲು ಕಟ್ಟುವುದು ಒಂದು ವಿಷಯ, ರೋಗ ಪತ್ತೆ ಇನ್ನೊಂದು ವಿಷಯ ಎಂದು ನಿಮಗೆ ಬೇರೆ ಬೇರೆ ಕೊಠಡಿಯಲ್ಲಿ ಪಾಠವಾಗಿದೆ. ರೋಗಿಗೆ ಇರುವುದು ಒಂದೇ ಬಾಯಿ.

ಈಗ ನಿಮ್ಮ ಕಾಲದ ಮಾತು. ಸ್ಕ್ಯಾನರ್ ಬಂದಿದೆ, ಸೆಟ್ಟನ್ನು ಪ್ರಿಂಟ್ ಮಾಡುವ ಯಂತ್ರ ಬಂದಿದೆ. ನನಗೆ ಇವುಗಳ ಮೇಲೆ ಮುನಿಸಿಲ್ಲ. ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ ಕೂರಿಸುವುದೇ ಮೊದಲ ಆಯ್ಕೆಯಾಗಬೇಕು ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದರು. ಅದು ಸರಿ. ಹಲ್ಲು ಹೋದ ಮೇಲೆ ಕೆಳದವಡೆಯ ಏಣು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ ಎಂದು ಟಾಲ್‌ಗ್ರೆನ್ ಎಂಬ ಸಂಶೋಧಕರು 1972ರಲ್ಲೇ ತೋರಿಸಿದ್ದಾರೆ. ಆದರೆ ದೋಣಿಗೆ ಹೋಗುವವರು, ಬೀಡಿ ಕಟ್ಟುವವರು ಎಲ್ಲರೂ ಇಂಪ್ಲಾಂಟ್ ಹಾಕಿಸಿಕೊಳ್ಳಲಾರರು. ಬಹುಮಂದಿ ಸಾದಾ ಸೆಟ್ ಕೇಳಿಕೊಂಡೇ ಬರುತ್ತಾರೆ. ನನ್ನ ಬಳಿ ಕೆಲಸ ಕಲಿಯಲು ಬರುವ ಎಳೆಯರು ‘ಕಂಪ್ಲೀಟ್ ಡೆಂಚರ್ ಬಿಡಿ ಸರ್’ ಎನ್ನುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಸ್ಕ್ಯಾನರ್ ಮೇಲ್ಮೈಯ ಆಕಾರ ಕೊಡುತ್ತದೆ. ಗಟ್ಟಿಯಾದ ಕೆನ್ನೆ ಬೆರಳಿಗೆ ಮಾತ್ರ ತಿಳಿಯುತ್ತದೆ.

ಗಟ್ಟಿ ಕೆನ್ನೆ ಎಂದೆ. ಮುಂಬೈಯ ಡಾ. ಜೋಶಿ 1953ರಲ್ಲೇ ವಿವರಿಸಿದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇಂದು ಕಾಲೇಜು ಹುಡುಗರಲ್ಲಿ ಕಾಣುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆ ಬಿಳಿಚಿ ಒಳಗೆ ಹಗ್ಗ ಎಳೆದಂತೆ ಬಿಗಿಯುತ್ತದೆ. ರೋಗಿಯ ಮೂರು ಬೆರಳು ಅವರದೇ ಬಾಯಿಗೆ ಹಿಡಿಸಬೇಕು, ಹಿಡಿಸದಿದ್ದರೆ ಕಾರಣ ಹುಡುಕಿ. ಟ್ರೇ ಒಳಗೆ ಹೋಗುತ್ತಿಲ್ಲ ಎಂದು ಸಣ್ಣ ಟ್ರೇ ಹುಡುಕುವವರನ್ನು ಕಂಡಿದ್ದೇನೆ, ಯಾಕೆ ಹೋಗುತ್ತಿಲ್ಲ ಎಂದು ಕೇಳಬೇಕಿತ್ತು. ಈ ರೋಗ ತರುವುದು ಅಡಿಕೆ. ಅಡಿಕೆ ತುಂಬಿದ ಗುಟ್ಕಾ ಕರ್ನಾಟಕದಲ್ಲಿ 2013ರಲ್ಲಿ ನಿಷೇಧವಾಯಿತು. ಆದರೂ ಪಾನ್ ಮಸಾಲ, ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಬಂದು ಬಾಯಲ್ಲಿ ಒಂದಾಗುತ್ತವೆ. ತಂಬಾಕು ಇಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಹೇಳಿದೆ. ಅಡಿಕೆ ನಮ್ಮ ತೋಟದ ಬೆಳೆ, ವೀಳ್ಯ ನಮ್ಮ ಕಾರ್ಯಗಳಲ್ಲಿ ಕೊಡುವ ಗೌರವ. ಬೈದರೆ ಯಾರೂ ಬಿಡುವುದಿಲ್ಲ. ಕನ್ನಡಿ ಕೈಗೆ ಕೊಟ್ಟು ಅವರ ಕೆನ್ನೆಯನ್ನು ಅವರಿಗೇ ತೋರಿಸಿ, ಕೆಲವರು ಬಿಟ್ಟಿದ್ದಾರೆ.

ಇನ್ನು ಕೆಲವು ಚಿಲ್ಲರೆ ಮಾತು. ತುಳು ಕಲಿಯಿರಿ, ಬ್ಯಾರಿ ಭಾಷೆ ಅರ್ಥವಾಗುವಷ್ಟಾದರೂ ತಿಳಿದುಕೊಳ್ಳಿ. ನೋವನ್ನು ಜನ ಮನೆಮಾತಿನಲ್ಲೇ ಸರಿಯಾಗಿ ಹೇಳುತ್ತಾರೆ. ರಾತ್ರಿ ಸೆಟ್ ತೆಗೆದು ತಣ್ಣೀರಿನಲ್ಲಿಡಲು ಹೇಳಿ, ಬಿಸಿನೀರು ಬೇಡ, ಟೂತ್‌ಪೇಸ್ಟ್ ಬೇಡ, ಸೋಪು ಮತ್ತು ಮೆತ್ತನೆ ಬ್ರಷ್ ಸಾಕು. ಹೇಳಿದ್ದನ್ನು ಬರೆದೂ ಕೊಡಿ. ಊರಿಗೆ ಹದಿನೈದು ದಿನ ರಜೆಯಲ್ಲಿ ಬಂದ ಗಲ್ಫ್‌ನವರು ವಿಮಾನದ ತಾರೀಕು ಹೇಳಿ ಅವಸರ ಮಾಡುತ್ತಾರೆ. ಆಗುವುದಿಲ್ಲವೆಂದರೆ ಆಗುವುದಿಲ್ಲ ಎನ್ನಿ. ಸೆಟ್ ಕೊಟ್ಟ ದಿನವೇ ಕೋರಿರೊಟ್ಟಿ ತಿನ್ನಲು ಬಿಡಬೇಡಿ, ಮೊದಲ ವಾರ ಗಂಜಿ. ಲ್ಯಾಬಿನ ಟೆಕ್ನಿಷಿಯನ್‌ಗೆ ದುಡ್ಡು ಬಾಕಿ ಇಡಬೇಡಿ.

ಈ ಸಭಾಂಗಣದಲ್ಲಿ ನಿಮ್ಮ ಪದವಿ ನೋಡಲು ಬಂದ ಅಜ್ಜ ಅಜ್ಜಿಯರಿದ್ದಾರೆ. ಅವರಲ್ಲಿ ಸೆಟ್ ಹಾಕಿಕೊಂಡವರು ಇದ್ದೇ ಇರುತ್ತಾರೆ. ಅವರ ಬಾಯನ್ನು ಇದುವರೆಗೆ ನೀವು ನೋಡಿದ್ದೀರೋ ಇಲ್ಲವೋ ನಾನು ಕೇಳುವುದಿಲ್ಲ. ಇಂದು ಮನೆಗೆ ಹೋದ ಮೇಲೆ ಕೈ ತೊಳೆದುಕೊಂಡು, ಒಳ್ಳೆಯ ಬೆಳಕಿನಲ್ಲಿ ಕೂರಿಸಿ, ಸೆಟ್ ತೆಗೆಸಿ ನೋಡಿ. ನಾಲಿಗೆಯಡಿಯನ್ನೂ ನೋಡಿ.