ಒಂದು ಧ್ವನಿ, ಹತ್ತು ಹಾಡು: ಸಂಕಲನವನ್ನು ಆರಿಸುವ ಬಗೆ



ಆನೆಗೊಂದಿಯ ಹೊಳೆದಂಡೆಗೆ ಬಂದವರಿಗೆ ಎರಡು ಸ್ಥಳಗಳು ನೆನಪಾಗುತ್ತವೆ. ಒಂದು, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನ. 1539ರಲ್ಲಿ ವೃಂದಾವನಸ್ಥರಾದ ವ್ಯಾಸರಾಯರ ವೃಂದಾವನ ಅಲ್ಲಿದೆ. ಇನ್ನೊಂದು, ಆಚೆ ದಡದ ಹಂಪಿಯಲ್ಲಿ ವಿಠ್ಠಲ ದೇವಾಲಯದ ಸಮೀಪ, ನೀರಿನ ಅಂಚಿಗೇ ಇರುವ ಪುರಂದರ ಮಂಟಪ. ಗುರು ಈಚೆ, ಶಿಷ್ಯ ಆಚೆ, ನಡುವೆ ಹೊಳೆ. ಕನ್ನಡದ ಹಾಡಿನ ಚರಿತ್ರೆಯಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಸಂಗತಿ ಮತ್ತೊಂದಿಲ್ಲವೆಂದೇ ಹೇಳಬಹುದು.

ಈ ಸೀಮೆಯ ಒಬ್ಬ ವಿದ್ಯಾರ್ಥಿಗೆ ದಾಸರ ಪದಗಳನ್ನು ಒಳ್ಳೆಯ ಕಂಠದಲ್ಲಿ ಕೇಳಬೇಕೆಂಬ ಆಸೆಯಾಯಿತೆನ್ನಿ. ಪಂಡಿತ ಭೀಮಸೇನ ಜೋಶಿಯವರ ಹೆಸರು ಸಹಜವಾಗಿ ಮುಂದೆ ಬರುತ್ತದೆ. ಹಿಂದೆ ಗಂಗಾವತಿಯ ಪೇಟೆಯಲ್ಲಿ ಒಂದೆರಡು ಧ್ವನಿಸುರುಳಿ ಸಿಕ್ಕರೆ ಅದೇ ಭಾಗ್ಯ. ಈಗ ಕೈಯಲ್ಲಿರುವ ಫೋನಿನಲ್ಲಿ ಹೆಸರು ಒತ್ತಿದರೆ ಸಂಕಲನಗಳ ರಾಶಿಯೇ ಬಂದು ಬೀಳುತ್ತದೆ. ‘ಶ್ರೇಷ್ಠ ಗೀತೆಗಳು’, ‘ಅಮರ ಗೀತೆಗಳು’ ಎಂದು ಎಲ್ಲದಕ್ಕೂ ಒಂದೇ ಬಗೆಯ ಹೆಸರು. ಯಾವುದನ್ನು ಆರಿಸಬೇಕು? ಇಂದಿನ ಮಾತಿನ ವಿಷಯ ಇದೇ.

ಇದು ಸಣ್ಣ ಪ್ರಶ್ನೆಯೆಂದು ತಳ್ಳಿಹಾಕಬೇಡಿ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಗದಗಿನಲ್ಲಿ ಬೆಳೆಯುತ್ತಿದ್ದ ಹುಡುಗ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯೊಂದು ಅವರ ಕಿವಿಗೆ ಬಿತ್ತು. ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟರು. ಊರೂರು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರಾದರು. 2008ರಲ್ಲಿ ಭಾರತರತ್ನ ಪ್ರಶಸ್ತಿ ಘೋಷಣೆಯಾದ ಆ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ಮೂರು ನಿಮಿಷದ ಒಂದು ತಟ್ಟೆ. ಎಳೆಯ ವಯಸ್ಸಿನಲ್ಲಿ ಏನನ್ನು ಕೇಳುತ್ತೇವೆ ಎನ್ನುವುದು ಹಗುರವಾದ ಮಾತಲ್ಲ.

ಮೂರು ನಿಮಿಷ ಎಂದೆನಲ್ಲ, ಅದರ ಲೆಕ್ಕವನ್ನು ಸ್ವಲ್ಪ ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರರಿಂದ ಮೂರೂವರೆ ನಿಮಿಷ. 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆಯ ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅವಕಾಶ ಸಿಕ್ಕಿತು. 1963ರಲ್ಲಿ ಬಂದ ಕ್ಯಾಸೆಟ್ಟು ಅರುವತ್ತು, ತೊಂಬತ್ತು ನಿಮಿಷದ ಅಳತೆಯಲ್ಲಿ ದೊರೆಯತೊಡಗಿತು. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸುಮಾರು 74 ನಿಮಿಷ. ಹಾಡುಗಾರ ಎಷ್ಟು ಹೊತ್ತು ಹಾಡಬೇಕು ಎಂಬುದನ್ನು ಆತನ ಮನಸ್ಸಿನ ಜೊತೆಗೆ ಯಂತ್ರವೂ ನಿರ್ಧರಿಸುತ್ತಿತ್ತು. ಆದ್ದರಿಂದ ಸಂಕಲನದಲ್ಲಿ ಒಂದು ಹಾಡು ಚಿಕ್ಕದಾಗಿದ್ದು ಇನ್ನೊಂದು ದೀರ್ಘವಾಗಿದ್ದರೆ, ಅವು ಯಾವ ಕಾಲದವು ಎಂದು ಮೊದಲು ಕೇಳಿಕೊಳ್ಳಿ.

ಈಗ ಆಯ್ಕೆಗೆ ಬರೋಣ. ನಾನು ಐದು ಸಂಗತಿಗಳನ್ನು ನೋಡುತ್ತೇನೆ.

ಮೊದಲನೆಯದು, ವಿವರ. ಧ್ವನಿಮುದ್ರಣವಾದ ವರ್ಷ, ಪಕ್ಕವಾದ್ಯದವರ ಹೆಸರು, ರಾಗ, ಪದ ಬರೆದವರ ಹೆಸರು ಇವು ಸಂಕಲನದಲ್ಲಿ ಇವೆಯೇ? ತಬಲಾ ನುಡಿಸಿದವರ ಹೆಸರನ್ನು ಮರೆಯದೆ ಅಚ್ಚು ಹಾಕಿದವರು ಉಳಿದ ಕೆಲಸವನ್ನೂ ಶ್ರದ್ಧೆಯಿಂದ ಮಾಡಿರುತ್ತಾರೆಂದು ನಂಬಬಹುದು.

ಎರಡನೆಯದು, ಮೂಲ ಮುದ್ರಣವೋ ಅಲ್ಲವೋ ಎಂಬುದು. ಇದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಹಳ್ಳಿಗಾಡಿನ ಹಾಡಿನಿಂದ ಬೆಳೆದ ‘ಕಂಟ್ರಿ’ ಸಂಗೀತದಲ್ಲಿ ಹ್ಯಾಂಕ್ ವಿಲಿಯಮ್ಸ್ ಬಹು ದೊಡ್ಡ ಹೆಸರು. 1953ರ ಜನವರಿ 1ರಂದು, ಕೇವಲ 29ನೆಯ ವಯಸ್ಸಿನಲ್ಲಿ ಆತ ತೀರಿಕೊಂಡರು. ಆತನ ಹಾಡುಗಳು ಬಿಡಿ ಬಿಡಿಯಾಗಿ ಸಣ್ಣ ತಟ್ಟೆಗಳಲ್ಲಿ ಬಂದವು. ಹಾಗಾಗಿ ಮುಂದಿನ ತಲೆಮಾರಿನವರು ಆತನನ್ನು ಬಹುಮಟ್ಟಿಗೆ ಸಂಕಲನಗಳಿಂದಲೇ ಬಲ್ಲರು. ಆತ ಸತ್ತ ಮೇಲೆ ಕಂಪನಿಯವರು ಹಳೆಯ ಧ್ವನಿಯ ಮೇಲೆ ಪಿಟೀಲುಗಳ ಮೇಳವನ್ನು ಸೇರಿಸಿ ಮಾರಿದರು. 1978ರಲ್ಲಿ ಬಂದ ನಲವತ್ತು ಹಾಡುಗಳ ಸಂಕಲನವೊಂದು ಆ ಅಲಂಕಾರವನ್ನು ಬಿಟ್ಟು ಮೂಲ ಮುದ್ರಣಗಳನ್ನೇ ಕೊಟ್ಟಿತು. ರಸಿಕರು ಅದನ್ನು ಮೆಚ್ಚಿದ್ದು ಅದಕ್ಕಾಗಿಯೇ. ನಮ್ಮಲ್ಲಿಯೂ ಹಳೆಯ ಕಂಠಕ್ಕೆ ಹೊಸ ವಾದ್ಯ ಅಂಟಿಸಿದ್ದು ಕಂಡರೆ, ಮೂಲ ಎಲ್ಲಿದೆಯೆಂದು ಹುಡುಕಿ.

ಮೂರನೆಯದು, ಹಾಡು ಪೂರ್ತಿಯಾಗಿದೆಯೇ ಎಂಬುದು. ದಾಸರ ಪದದಲ್ಲಿ ಇದಕ್ಕೆ ವಿಶೇಷವಾದ ಬೆಲೆಯಿದೆ. ಪಲ್ಲವಿ, ಅನುಪಲ್ಲವಿ, ಚರಣಗಳಾಗಿ ಸಾಗುವ ಪದದ ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ. ‘ಪುರಂದರ ವಿಠಲ’ ಎಂದಿದ್ದರೆ ಪುರಂದರದಾಸರು; ಕಾಗಿನೆಲೆಯ ಆದಿಕೇಶವನ ಹೆಸರಿದ್ದರೆ ಕನಕದಾಸರು; ‘ವಿಜಯ ವಿಠಲ’ ಎಂದರೆ ರಾಯಚೂರು ಸೀಮೆಯ ವಿಜಯದಾಸರು. ಸಮಯ ಉಳಿಸಲು ಕೊನೆಯ ಚರಣವನ್ನೇ ಕತ್ತರಿಸಿದರೆ ಕವಿಯ ರುಜುವೇ ಹೋದಂತೆ. ‘ಪುರಂದರದಾಸರ ಪದಗಳು’ ಎಂಬ ಹೆಸರಿನ ಕೆಳಗೆ ಬೇರೆ ದಾಸರ ಪದ ಸೇರಿಕೊಂಡಿದ್ದರೆ, ಕೊನೆಯವರೆಗೆ ಕೇಳಿದವರಿಗೆ ಮಾತ್ರ ಅದು ತಿಳಿಯುತ್ತದೆ.

ನಾಲ್ಕನೆಯದು, ಹರವು. ಭೀಮಸೇನ ಜೋಶಿ ಖಯಾಲ್ ಹಾಡಿದರು, ಕನ್ನಡದಲ್ಲಿ ದಾಸರ ಪದ, ಮರಾಠಿಯಲ್ಲಿ ಅಭಂಗ ಹಾಡಿದರು, 1966ರ ‘ಸಂಧ್ಯಾರಾಗ’ದಂಥ ಚಲನಚಿತ್ರಕ್ಕೂ ಹಾಡಿದರು. ಎಲ್ಲದರಿಂದ ಒಂದೊಂದು ತುಣುಕು ಕಿತ್ತು ಪೋಣಿಸಿದ ಸಂಕಲನ ಪರಿಚಯಕ್ಕೆ ಸಾಕು, ಮನಸ್ಸು ನಿಲ್ಲುವುದಕ್ಕೆ ಸಾಲದು. ದಾಸರ ಪದ ಬೇಕಾದರೆ ದಾಸರ ಪದಗಳೇ ಇರುವ ಸಂಕಲನವನ್ನು ತೆಗೆದುಕೊಳ್ಳಿ. ಅದರಲ್ಲಿ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ದಂಥ ಮನೆಮಾತಾದ ಪದದ ಜೊತೆಗೆ ನೀವು ಕೇಳಿರದ ನಾಲ್ಕು ಪದಗಳಾದರೂ ಇರಲಿ. ಗೊತ್ತಿರುವುದನ್ನೇ ಮತ್ತೆ ಕೊಡುವ ಸಂಕಲನದಿಂದ ನಮಗೆ ಹೊಸತಾಗಿ ಸಿಗುವುದೇನು?

ಐದನೆಯದು, ನಾದದ ಗುಣ. ನಾನು ವಿಜ್ಞಾನ ಓದಿದವನಾದ್ದರಿಂದ ಇದನ್ನು ಬಿಡಲಾರೆ. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಮೂಲ ಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಉಪಸ್ವರಗಳೂ ಏಳುತ್ತವೆ. ಆ ಝೇಂಕಾರದ ಮೇಲೆಯೇ ಗಾಯಕ ನಿಲ್ಲುವುದು. ಹಳೆಯ ಮುದ್ರಣದ ಗೊರಗೊರ ಸದ್ದನ್ನು ತೆಗೆಯಲು ಹೋಗಿ ಅತಿಯಾಗಿ ಉಜ್ಜಿದರೆ ಈ ಉಪಸ್ವರಗಳೂ ಅಳಿಸಿಹೋಗುತ್ತವೆ. ಕಡತವನ್ನು ಬಹಳ ಕುಗ್ಗಿಸಿದರೂ ಇದೇ ಗತಿ. ಸ್ವಲ್ಪ ಗೊರಗೊರ ಇದ್ದರೂ ತಂಬೂರಿ ಜೀವಂತವಾಗಿ ಕೇಳುವ ಪ್ರತಿಯೇ ಮೇಲು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಸ್ವರಗಳು ಸರಿಯಾಗಿ ಕೇಳುವುದಿಲ್ಲ. ತೀರ್ಪು ಕೊಡುವ ಮೊದಲು ಒಂದು ಸಾಧಾರಣ ಇಯರ್ ಫೋನನ್ನಾದರೂ ಹಾಕಿಕೊಂಡು ಕೇಳಿ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ಪುರಂದರದಾಸರ ಪದಗಳು ನಮಗೆ ಬಂದಿದ್ದು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ. ಅವರು ಯಾವ ಧಾಟಿಯಲ್ಲಿ ಹಾಡಿದರೋ ಕೇಳಿಸುವ ಯಂತ್ರ 16ನೆಯ ಶತಮಾನದಲ್ಲಿ ಇರಲಿಲ್ಲ. ಒಂದೇ ಪದವನ್ನು ಭೀಮಸೇನರು ಹಿಂದುಸ್ತಾನಿಯ ರೀತಿಯಲ್ಲಿ ಹಾಡಿದರೆ, ಎಂ. ಎಲ್. ವಸಂತಕುಮಾರಿಯವರು ಕರ್ನಾಟಕ ಪದ್ಧತಿಯಲ್ಲಿ ಹಾಡಿದರು. ಭಜನೆಯ ಮೇಳದಲ್ಲಿ ತಾಳ ತಟ್ಟುತ್ತಾ ಹಾಡುವವರ ಧಾಟಿ ಮತ್ತೊಂದು. ಮೂರೂ ನಿಜವಾದವೇ. ಆದರೆ ಮೊದಲೆರಡು ಸಂಕಲನಗಳಲ್ಲಿ ಸಿಗುತ್ತವೆ, ಮೂರನೆಯದು ಅಲ್ಲಿ ಸಿಗುವುದು ಅಪರೂಪ. ಜನಪ್ರಿಯ ಮುದ್ರಣದ ಧಾಟಿಯೊಂದೇ ಎಲ್ಲರ ಬಾಯಲ್ಲೂ ನಿಂತುಬಿಟ್ಟರೆ, ಊರಿನ ಧಾಟಿ ಹಾಡುವ ಹಿರಿಯರೊಂದಿಗೇ ಮಣ್ಣಾಗುತ್ತದೆ. ಅದಕ್ಕೆ ಭೀಮಸೇನರು ಹೊಣೆಯಲ್ಲ. ಕೇಳುವ ನಾವು ಹೊಣೆ.

ಆದ್ದರಿಂದ ಮಿತ್ರರೇ, ಒಂದು ಒಳ್ಳೆಯ ಸಂಕಲನವನ್ನು ಆರಿಸಿಕೊಳ್ಳಿ, ಇನ್ನೊಂದನ್ನು ನೀವೇ ಮಾಡಿ. ಆನೆಗೊಂದಿಯಾಗಲಿ, ಕುಷ್ಟಗಿಯಾಗಲಿ, ಯಲಬುರ್ಗಿಯಾಗಲಿ, ನಿಮ್ಮ ಮನೆಯ ಅಜ್ಜಿಗೋ ಭಜನೆ ಹಾಡುವ ಕಾಕಾನಿಗೋ ಬರುವ ಪದಗಳನ್ನು ಅವರ ಒಪ್ಪಿಗೆ ಪಡೆದು ಫೋನಿನಲ್ಲೇ ಮುದ್ರಿಸಿಕೊಳ್ಳಿ. ಫ್ಯಾನು ನಿಲ್ಲಿಸಿ, ಫೋನನ್ನು ಒಂದು ಮೊಳ ದೂರದಲ್ಲಿಡಿ, ಅಂಕಿತದವರೆಗೆ ಪೂರ್ತಿ ಹಾಡಿಸಿ. ಹಾಡಿದವರ ಹೆಸರು, ಊರು, ದಿನಾಂಕ, ಆ ಪದವನ್ನು ಯಾರಿಂದ ಕಲಿತರು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹತ್ತು ಪದವಾದರೆ ಅದೊಂದು ಸಂಕಲನ. ಬೆಲೆ ಕೊಟ್ಟು ತಂದ ಸಂಕಲನದಲ್ಲಿ ಇರಬೇಕಾದ ಗುಣಗಳೆಲ್ಲ ಅದರಲ್ಲಿಯೂ ಇರಲಿ.