ರಕ್ತದ ವಾರ್ಡಿನ ತಾಯಂದಿರು

(ಹೊರಕೆರೆದೇವಪುರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ತೋಟದ ಕೆಲಸ, ದನಕರು, ಅಡುಗೆ ಎಲ್ಲವನ್ನೂ ಸ್ವಲ್ಪ ಹೊತ್ತು ಬದಿಗಿಟ್ಟು ನೀವೆಲ್ಲ ಬಂದು ಕೂತಿದ್ದೀರಿ. ನಿಮ್ಮ ಸಂಘದಲ್ಲಿ ವಾರವಾರ ಉಳಿತಾಯದ ಲೆಕ್ಕ, ಸಾಲದ ಕಂತಿನ ಲೆಕ್ಕ ಬರೀತೀರಿ. ಇವತ್ತು ರಕ್ತದ ಲೆಕ್ಕ ಮಾತಾಡೋಣ ಅಂತ ನಾವು ಬಂದಿದ್ದೀವಿ.

ನಾವು ಆಸ್ಪತ್ರೆಯ ರಕ್ತದ ಕಾಯಿಲೆಗಳ ವಾರ್ಡಿನಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುವ ದಾದಿಯರು. ವಯಸ್ಸಾಯಿತಲ್ಲ, ಎಲ್ಲರೂ ‘ದೊಡ್ಡ ಸಿಸ್ಟರ್’ ಅಂತ ಕರೀತಾರೆ. ಹಿರಿಯ ದಾದಿ ಅಂದ್ರೆ ಕುರ್ಚಿ ಮೇಲೆ ಕೂತು ಹುಕುಂ ಮಾಡೋದು ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬೆಳಿಗ್ಗೆ ಬಂದ ಕೂಡಲೇ ರಾತ್ರಿ ಪಾಳಿಯವರಿಂದ ಒಂದೊಂದು ಹಾಸಿಗೆಯ ವಿಷಯ ಕೇಳಿ ತಿಳಿದುಕೊಳ್ಳಬೇಕು. ಯಾರಿಗೆ ಜ್ವರ, ಯಾರಿಗೆ ಮೂಗಿನಲ್ಲಿ ರಕ್ತ, ಯಾರಿಗೆ ಇವತ್ತು ರಕ್ತ ಏರಿಸಬೇಕು ಎಲ್ಲ ನೋಡಬೇಕು. ಹೊಸ ಸಿಸ್ಟರ್‌ಗಳಿಗೆ ಕಲಿಸಬೇಕು.

ರಕ್ತದ ಚೀಲ ಬಂದಾಗ ಇಬ್ಬರು ದಾದಿಯರು ಹಾಸಿಗೆಯ ಹತ್ತಿರವೇ ನಿಂತು ರೋಗಿಯ ಹೆಸರು, ನಂಬರು, ಗ್ರೂಪು, ಚೀಲದ ತಾರೀಕು ಗಟ್ಟಿಯಾಗಿ ಓದಿ ತಾಳೆ ನೋಡುತ್ತೇವೆ. ಒಂದು ಅಕ್ಷರ ತಪ್ಪಿದರೂ ಪ್ರಾಣಕ್ಕೆ ಅಪಾಯ. ರಕ್ತ ಹರಿಯಲು ಶುರುವಾದ ಮೊದಲ 15 ನಿಮಿಷ ಹತ್ತಿರದಲ್ಲೇ ಇರುತ್ತೇವೆ. ಚಳಿ, ನಡುಕ, ಬೆನ್ನುನೋವು, ದದ್ದು, ಉಬ್ಬಸ ಏನು ಕಂಡರೂ ತಕ್ಷಣ ನಿಲ್ಲಿಸಬೇಕು. ಆದರೆ ನಮಗಿಂತ ಮೊದಲು ಮಗುವಿನ ಮುಖ ಬದಲಾದದ್ದನ್ನು ಕಂಡುಹಿಡಿಯೋದು ಪಕ್ಕದಲ್ಲಿ ಕೂತ ತಾಯಿ. “ಸಿಸ್ಟರ್, ಯಾಕೋ ಮಗು ಸರಿಯಿಲ್ಲ” ಅಂತ ಅವಳು ಅಂದರೆ ನಾವು ಓಡುತ್ತೇವೆ. ಆ ಮಾತನ್ನು ಎಂದೂ ತಳ್ಳಿಹಾಕಬಾರದು ಅಂತ ಹೊಸಬರಿಗೆ ಮೊದಲು ಹೇಳಿಕೊಡ್ತೀವಿ.

ಇದನ್ನು ನಾವು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ಅದನ್ನೂ ನಿಮ್ಮ ಮುಂದೆ ಹೇಳ್ತೀವಿ.

ಒಂದು ಸಲ ಆಗತಾನೇ ಅಂಬೆಗಾಲಿಡುವ ಗಂಡುಮಗುವನ್ನು ಕರೆತಂದರು. ಮಂಡಿ ಊದಿತ್ತು. ಮೈಮೇಲೆ ಅಲ್ಲಲ್ಲಿ ನೀಲಿ ಗುರುತು. ನಾವು ಹಿಂದುಮುಂದು ನೋಡದೆ ಎಲ್ಲರ ಎದುರಿಗೇ ಕೇಳಿಬಿಟ್ಟೆವು: “ಏನಮ್ಮಾ, ಮಗುವಿಗೆ ಹೊಡೆದೆಯಾ?” ಆ ತಾಯಿ ಮಾತಾಡಲಿಲ್ಲ, ತಲೆ ತಗ್ಗಿಸಿದಳು. ಪರೀಕ್ಷೆಯ ವರದಿ ಬಂದಾಗ ಗೊತ್ತಾಯಿತು, ಮಗುವಿಗೆ ಹಿಮೋಫಿಲಿಯಾ. ನಾವು ಹೋಗಿ ಕ್ಷಮೆ ಕೇಳಿದೆವು. ಅವಳು ಹೇಳಿದ್ದು ಇಷ್ಟೇ: “ಮನೇಲಿ ಅತ್ತೆಯೂ ಇದನ್ನೇ ಕೇಳಿದ್ರು ಸಿಸ್ಟರ್. ಆಸ್ಪತ್ರೆಯಲ್ಲಾದ್ರೂ ಕೇಳಲ್ಲ ಅಂದ್ಕೊಂಡಿದ್ದೆ.” ಆ ಮಾತು ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ.

ಹಿಮೋಫಿಲಿಯಾಕ್ಕೆ ಕನ್ನಡದಲ್ಲಿ ‘ಕುಸುಮ ರೋಗ’ ಅಂತಲೂ ಹೇಳ್ತಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಮೈಯಲ್ಲಿ ಕಡಿಮೆ ಇರುತ್ತದೆ. 8ನೇ ಫ್ಯಾಕ್ಟರ್ ಕಡಿಮೆಯಾದರೆ ‘ಎ’, 9ನೇದು ಕಡಿಮೆಯಾದರೆ ‘ಬಿ’. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಅದಕ್ಕಿಂತ ಕಷ್ಟ ಎಂದರೆ ಮಂಡಿ, ಮೊಣಕೈ, ಹರಡಿನ ಒಳಗೇ ರಕ್ತ ಸೋರಿ ಕೀಲು ಹಾಳಾಗುವುದು. ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಮೂಲಕ ಬರುತ್ತದೆ. ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇರುವುದಿಲ್ಲ, ಹೊಸದಾಗಿಯೇ ಬರುತ್ತದೆ. ಹೀಗಿರುವಾಗ ತಾಯಿಯನ್ನು ಅಪರಾಧಿ ಮಾಡುವುದು ಯಾವ ನ್ಯಾಯ? ಅವಳು ಬೇಕೆಂದು ಕೊಟ್ಟದ್ದಲ್ಲ. ಶಾಪವೂ ಅಲ್ಲ, ದೃಷ್ಟಿಯೂ ಅಲ್ಲ.

ನಮ್ಮ ಪಕ್ಕದ ದಾವಣಗೆರೆಯನ್ನೇ ನೋಡಿ. ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಹಿಮೋಫಿಲಿಯಾ ಇದೆ. ಅವರು ಓದಿ ಡಾಕ್ಟರಾದರು, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ತಮ್ಮಂಥ ಎಷ್ಟೋ ಮಕ್ಕಳಿಗೆ ದಾರಿ ಮಾಡಿಕೊಟ್ಟರು. ಆದ್ದರಿಂದ ಇಂಥ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಬೇಡಿ.

ಮನೆಯಲ್ಲಿ ಏನು ಮಾಡಬೇಕು? ಕೀಲು ಊದಿದರೆ ತಿಕ್ಕಬೇಡಿ, ಎಣ್ಣೆ ಹಾಕಿ ನೀವಬೇಡಿ, ಬಿಸಿ ಶಾಖ ಕೊಡಬೇಡಿ. ಮಗುವನ್ನು ಮಲಗಿಸಿ, ಕೈಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು ಬೇಗ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ತಡ ಮಾಡಬೇಡಿ. ಆಸ್ಪಿರಿನ್ ಮಾತ್ರೆ ಕೊಡಬಾರದು. ಸೊಂಟಕ್ಕೆ ಸೂಜಿ ಚುಚ್ಚುವ ಮುಂಚೆ, ಹಲ್ಲು ಕೀಳಿಸುವ ಮುಂಚೆ “ಈ ಮಗುವಿಗೆ ಹಿಮೋಫಿಲಿಯಾ ಇದೆ” ಅಂತ ಧೈರ್ಯವಾಗಿ ಹೇಳಿ. ಫ್ಯಾಕ್ಟರ್ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ಮೊದಲೇ ಕೇಳಿ ಇಟ್ಟುಕೊಂಡಿರಿ.

ನಮ್ಮ ವಾರ್ಡಿಗೆ ಬರುವ ಇನ್ನೊಂದು ಕಾಯಿಲೆ ಥಲಸ್ಸೇಮಿಯಾ. ಇದರಲ್ಲಿ ಮಗುವಿನ ಮೈ ಸರಿಯಾದ ಹಿಮೋಗ್ಲೋಬಿನ್ ತಯಾರಿಸುವುದಿಲ್ಲ. ಹುಟ್ಟಿದಾಗ ಚೆನ್ನಾಗಿಯೇ ಇರುವ ಮಗು ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಆಮೇಲೆ 2ರಿಂದ 4 ವಾರಕ್ಕೊಮ್ಮೆ ರಕ್ತ ಬೇಕು, ಜೀವನಪೂರ್ತಿ. ರಕ್ತ ಏರಿಸಿದಷ್ಟೂ ಮೈಯಲ್ಲಿ ಕಬ್ಬಿಣ ಸೇರಿಕೊಂಡು ಹೃದಯ, ಈಲಿ ಕೆಡುತ್ತವೆ. ಅದನ್ನು ಹೊರಹಾಕುವ ಮಾತ್ರೆಯನ್ನು ತಪ್ಪದೆ ನುಂಗಿಸಬೇಕು. ಹೊಂದಾಣಿಕೆಯಾಗುವ ಒಡಹುಟ್ಟಿದವರಿದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವುದೂ ಉಂಟು, ಆದರೆ ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ.

ಇದು ತಾಯಿಯೊಬ್ಬಳಿಂದ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ವಾಹಕರು ಗಟ್ಟಿಮುಟ್ಟಾಗಿಯೇ ಇರುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ನಮ್ಮಲ್ಲಿದೆ. ಒಂದೇ ರಕ್ತಸಂಬಂಧದಲ್ಲಿ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು. ಲಗ್ನಪತ್ರಿಕೆ ಬರೆಸುವ ಮುಂಚೆ ಜಾತಕ ನೋಡ್ತೀವಿ, ಜಮೀನು ಕೇಳ್ತೀವಿ. ಹಿಮೋಗ್ಲೋಬಿನ್ ಎ2 ಪರೀಕ್ಷೆಯನ್ನೂ ಒಮ್ಮೆ ಮಾಡಿಸಿದರೆ ಏನು ನಷ್ಟ? ಮದುವೆಯಾಗಿದ್ದರೆ ಬಸಿರಿಯನ್ನು ಮೂರು ತಿಂಗಳೊಳಗೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವಳು ವಾಹಕಳು ಅಂತ ಬಂದರೆ ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇನ್ನೊಂದು ಮಾತು ನಿಮ್ಮೆಲ್ಲರಿಗೂ ಸೇರಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದು ನಮಗೆ ಅನ್ನುವ ಅಭ್ಯಾಸ ಬಿಡಿ. ಸೊಪ್ಪು, ಕಾಳು, ರಾಗಿ ತಿನ್ನಿ. ಊಟದ ಜೊತೆ ನಿಂಬೆಹಣ್ಣು ಇರಲಿ. ಕಬ್ಬಿಣದ ಮಾತ್ರೆಯನ್ನು ಟೀ, ಕಾಫಿ ಜೊತೆ ನುಂಗಬೇಡಿ. ತಿಂಗಳುಗಟ್ಟಲೆ ಮಾತ್ರೆ ತಿಂದರೂ ರಕ್ತ ಏರದಿದ್ದರೆ “ಬೇರೆ ಕಾರಣ ಇದೆಯಾ ನೋಡಿ” ಅಂತ ಡಾಕ್ಟರನ್ನು ಕೇಳಿ. ಥಲಸ್ಸೇಮಿಯಾ ವಾಹಕರೂ ಹೀಗೇ ಸಿಕ್ಕಿಬೀಳುವುದುಂಟು.

ಈಗ ಸಂಘದ ಕೆಲಸಕ್ಕೆ ಬರೋಣ. ಈ ಮಕ್ಕಳ ತಾಯಂದಿರು ತಿಂಗಳಿಗೆ ಎರಡು ಸಲ ಬಸ್ ಹತ್ತಬೇಕು. ಆ ದಿನದ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹಾಗಾಗಿ ಸಭೆಗೆ ಬರಲಾಗದೆ ಕಂತು ತಪ್ಪಿಸುತ್ತಾರೆ. ದಯವಿಟ್ಟು ಅವರಿಗೆ ದಂಡ ಹಾಕಿ ಸಂಘದಿಂದ ದೂರ ಮಾಡಬೇಡಿ. ಒಬ್ಬರು ಉಳಿದ ಮಕ್ಕಳನ್ನು ನೋಡಿಕೊಳ್ಳಿ, ಒಬ್ಬರು ಜೊತೆಗೆ ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ, ಥಲಸ್ಸೇಮಿಯಾ ಎರಡೂ ಸೇರಿವೆ. ಗುರುತಿನ ಚೀಟಿಗೆ ಅರ್ಜಿ ಬರೆಯಲು ಓದುಬರಹ ಬಲ್ಲ ಸದಸ್ಯೆಯರು ನೆರವಾಗಿ.

ಮತ್ತೆ ರಕ್ತ. ಅದನ್ನು ಯಾವ ಕಾರ್ಖಾನೆಯೂ ಮಾಡುವುದಿಲ್ಲ, ಮನುಷ್ಯರೇ ಕೊಡಬೇಕು. 18 ವರ್ಷ ತುಂಬಿ, ತೂಕ 45 ಕಿಲೋಗೆ ಕಡಿಮೆ ಇಲ್ಲದೆ, ಹಿಮೋಗ್ಲೋಬಿನ್ 12.5 ಇದ್ದು ಆರೋಗ್ಯವಾಗಿರುವವರು ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ನಿಮಗೆ ಆಗದಿದ್ದರೆ ಗಂಡನನ್ನು, ಬೆಳೆದ ಮಗನನ್ನು ಕಳುಹಿಸಿ. ಬೇಸಿಗೆ ರಜೆಯಲ್ಲಿ ರಕ್ತ ಕೊಡುವವರು ಕಡಿಮೆಯಾಗ್ತಾರೆ, ಆದರೆ ನಮ್ಮ ಮಕ್ಕಳಿಗೆ ರಜೆ ಇಲ್ಲ.

ಕೊನೆಯದಾಗಿ ಒಂದು ಬೇಡಿಕೆ. ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: ‘ಕಾಯಿಲೆಯ ಮಗುವಿನ ತಾಯಿಯನ್ನು ನಮ್ಮ ಸಂಘದ ಯಾರೂ ದೂರುವುದಿಲ್ಲ.’ ಬರೆದು ಎಲ್ಲರೂ ಸಹಿ ಮಾಡಿ, ಹೆಬ್ಬೆಟ್ಟು ಒತ್ತುವವರು ಒತ್ತಿ. ಅವತ್ತು ಆ ತಾಯಿ ತಲೆ ತಗ್ಗಿಸಿದಾಗ ಅವಳ ಪಕ್ಕದಲ್ಲಿ ಒಬ್ಬರಾದರೂ ನಿಂತಿರಬೇಕಿತ್ತು. ನಿಮ್ಮೂರಿನ ತಾಯಿಯ ಪಕ್ಕದಲ್ಲಿ ನೀವು ನಿಲ್ಲುತ್ತೀರಿ ಅಂತ ನಾವು ನಂಬಿದ್ದೀವಿ.