ಡಿಎನ್‌ಎ ಪೆಟ್ಟಿಗೆಗೊಂದು ಹೊದಿಕೆ

ಡಿಎನ್‌ಎ ಅಂದ ಕೂಡಲೇ ನಮಗೆ ನೆನಪಾಗುವುದು ವಂಶವಾಹಿ, ಇಲ್ಲವೇ ಪೊಲೀಸರ ಪರೀಕ್ಷೆ. ಅಮೆರಿಕದ ನೇಡ್ರಿಯನ್ ಸೀಮನ್ ಅವರಿಗೆ 1980ರಲ್ಲೇ ಅದು ಕಟ್ಟುವ ಸಾಮಗ್ರಿಯಾಗಿ ಕಂಡಿತ್ತು. ಕಲಾವಿದ ಎಷರ್ ಬಿಡಿಸಿದ, ಸಾಲುಸಾಲು ಮೀನುಗಳ ಚಿತ್ರವೊಂದನ್ನು ನೆನೆಯುತ್ತಾ, ಕವಲೊಡೆದ ಡಿಎನ್‌ಎಯನ್ನೂ ಹೀಗೆ ಜೋಡಿಸಬಹುದಲ್ಲ ಅಂದುಕೊಂಡರಂತೆ. 1991ರ ಹೊತ್ತಿಗೆ ಅವರ ಪ್ರಯೋಗಾಲಯದಲ್ಲಿ ಡಿಎನ್‌ಎಯ ಘನಾಕೃತಿಯೇ ಸಿದ್ಧವಾಗಿತ್ತು.

ಕೆಲಸ ಸಲೀಸಾದದ್ದು 2006ರಲ್ಲಿ. ಕ್ಯಾಲ್‌ಟೆಕ್‌ನ ಪಾಲ್ ರಾಥಮಂಡ್ ವೈರಸ್ಸೊಂದರ 7,000ಕ್ಕೂ ಹೆಚ್ಚು ಅಕ್ಷರಗಳ ಡಿಎನ್‌ಎ ಎಳೆ ತೆಗೆದುಕೊಂಡರು. ಇನ್ನೂರಕ್ಕೂ ಹೆಚ್ಚು ಗಿಡ್ಡ ಎಳೆಗಳು ಅದನ್ನು ಅಲ್ಲಲ್ಲಿ ಮಡಿಸಿ ಹೊಲಿಗೆ ಹಾಕಿದವು. ಎಲ್ಲವನ್ನೂ ಬೆರೆಸಿ, ಬಿಸಿಮಾಡಿ, ಆರಲು ಬಿಟ್ಟರೆ ಸಾಕು: ಸುಮಾರು 100 ನ್ಯಾನೋಮೀಟರ್ ಅಗಲದ ನಗುಮುಖಗಳು! 2009ರಲ್ಲಿ ಡೆನ್ಮಾರ್ಕಿನವರು ಮುಚ್ಚಳವಿರುವ ಪೆಟ್ಟಿಗೆಯನ್ನೇ ಮಾಡಿದರು. ಪೆಟ್ಟಿಗೆ ಬಂತೆಂದರೆ, ಅದರೊಳಗೆ ಔಷಧ ಇಡುವ ಆಸೆಯೂ ಬಂತು.

ತೊಡಕು ಶುರುವಾದದ್ದು ಇಲ್ಲೇ. ಡಿಎನ್‌ಎ ಎಳೆಗಳೆಲ್ಲ ಋಣ ವಿದ್ಯುದಂಶದವು, ಒಂದನ್ನೊಂದು ದೂರ ತಳ್ಳುತ್ತವೆ. ಅವನ್ನು ಒತ್ತಾಗಿ ಹಿಡಿದಿಡುವುದು ದ್ರಾವಣದ ಮೆಗ್ನೀಸಿಯಂ. ರಕ್ತದಲ್ಲಿ ಅದು ಅಷ್ಟು ಇರುವುದಿಲ್ಲ. ಸಾಲದ್ದಕ್ಕೆ, ಹೊರಗಿನ ಡಿಎನ್‌ಎಯನ್ನು ಕತ್ತರಿಸಿ ಹಾಕುವ ಕಿಣ್ವಗಳು ಬೇರೆ. ಆಕಾರ ಮಾಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ದೊಡ್ಡ ವಿದ್ಯೆ ಎಂಬುದು ನನ್ನ ಅಭಿಪ್ರಾಯ.

ದೇಹದ ಈ ಗುಡಿಸಿಹಾಕುವ ಬುದ್ಧಿಯನ್ನೇ ಜಾಣತನದಿಂದ ಬಳಸಿಕೊಂಡವರು ನಮ್ಮ ಬೆಂಗಳೂರಿನಲ್ಲಿದ್ದರು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಪುಟ್ಟದೊಂದು ಡಿಎನ್‌ಎ ಸ್ವಿಚ್ಚನ್ನು ಹಣ್ಣುನೊಣದ ಜೀವಕೋಶದೊಳಗೆ ಕಳಿಸಿತು. ಕಸವೆಂದು ಕೋಶ ಅದನ್ನು ನುಂಗಿತು. ಒಳಗೆ ಆಮ್ಲೀಯತೆ ಏರಿದಂತೆ ಸ್ವಿಚ್ಚು ಮಡಿಸಿಕೊಂಡು, ತಾನು ಸೂಸುವ ಬೆಳಕನ್ನು ಬದಲಿಸಿತು. ಕೋಶದೊಳಗಿನ ಪಿಎಚ್, ಅಂದರೆ ಆಮ್ಲೀಯತೆಯ ಮಟ್ಟ, ಕಣ್ಣಿಗೆ ಕಂಡಿತು. ಎರಡು ವರ್ಷದಲ್ಲಿ ಅದೇ ಸ್ವಿಚ್ಚು ಬದುಕಿರುವ ಹುಳುವಿನೊಳಗೂ ಕೆಲಸ ಮಾಡಿತು.

ದೊಡ್ಡ ಆಕೃತಿಗಳಿಗೆ ಮಾತ್ರ ಹೊದಿಕೆಯೇ ಬೇಕಾಯಿತು. 2014ರಲ್ಲಿ ಹಾರ್ವರ್ಡ್‌ನ ವಿಲಿಯಂ ಶಿ ಮತ್ತು ಸಂಗಡಿಗರು ವೈರಸ್ಸುಗಳನ್ನು ನೋಡಿ ಕಲಿತು, ಕೊಬ್ಬಿನ ಪೊರೆ ಹೊದಿಸಿದರು. 2017ರಲ್ಲಿ ಇನ್ನೂ ಸರಳ ಉಪಾಯ ಬಂತು. ಲೈಸೀನ್ ಎಂಬ ಅಮೈನೋ ಆಮ್ಲದ ಧನ ವಿದ್ಯುದಂಶದ ಸರಪಳಿ, ಅದಕ್ಕೆ ಪೆಗ್ ಎಂಬ ಪಾಲಿಮರ್‌ನ ಬಾಲ. ದ್ರಾವಣಕ್ಕೆ ಬೆರೆಸಿದರೆ ತಾನೇ ಹೋಗಿ ಅಂಟಿಕೊಳ್ಳುತ್ತದೆ. ಕಿಣ್ವಗಳ ಎದುರು ಬಾಳಿಕೆ ನೂರಾರು ಪಟ್ಟು ಹೆಚ್ಚಿತು. 2020ರಲ್ಲಿ ಆ ಹೊದಿಕೆಯನ್ನು ಗ್ಲುಟರಾಲ್ಡಿಹೈಡ್‌ನಿಂದ ಬಿಗಿದರು. ಸೂಕ್ಷ್ಮದರ್ಶಕದ ಮಾದರಿ ಕೆಡದಂತೆ ಇಡಲು ಬಳಸುವ ಹಳೇ ರಾಸಾಯನಿಕವೇ ಅದು! ಈಗ ಬಾಳಿಕೆ, ಬರಿಯ ಡಿಎನ್‌ಎಗಿಂತ ಸುಮಾರು ಲಕ್ಷ ಪಟ್ಟು.

ಈ ನಡುವೆ, ಒಳಗೆ ಔಷಧ ಇಡುವ ಆಸೆಯತ್ತಲೂ ಹೆಜ್ಜೆ ಬಿತ್ತು. 2018ರಲ್ಲಿ ಚೀನಾ ಮತ್ತು ಅಮೆರಿಕದ ತಂಡವೊಂದು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಅನ್ನು ಡಿಎನ್‌ಎ ಕೊಳವೆಯಲ್ಲಿ ತುಂಬಿ, ಇಲಿಗಳ ಕ್ಯಾನ್ಸರ್ ಗಡ್ಡೆಗೆ ರಕ್ತ ಪೂರೈಸುವ ನಾಳಗಳನ್ನು ಮುಚ್ಚಿಸಿತು. ಗಡ್ಡೆ ಕುಗ್ಗಿತು.